ಡೈವಿಂಗ್‌ಗೆ ಒಂದು ಕ್ಯಾಮೆರಾ ಆರಿಸಿಕೊಂಡ ಬಗೆ

ನೀರೊಳಗೆ ಒಯ್ಯಲು ಒಂದು ಕ್ಯಾಮೆರಾ ಬೇಕು ಅನ್ನಿಸಿದಾಗ ನಾನು ಮೊದಲು ತೆಗೆದು ನೋಡಿದ್ದು ನನ್ನ ಡೈವ್ ಲಾಗ್‌ಬುಕ್. ಎಷ್ಟು ಆಳ, ಎಷ್ಟು ನಿಮಿಷ, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿತ್ತು ಅಂತ ಬರೆದ ಮೇಲೆ, ಅವತ್ತು ಕಂಡದ್ದನ್ನು ಒಂದೆರಡು ಸಾಲು ಗೀಚಿಡುವ ಅಭ್ಯಾಸ ನನಗಿದೆ. ಆ ಸಾಲುಗಳನ್ನೆಲ್ಲ ಒಟ್ಟಿಗೆ ಓದಿದಾಗ ನನ್ನ ಕಣ್ಣು ಎಲ್ಲಿ ನಿಲ್ಲುತ್ತದೆ ಅನ್ನೋದು ಗೊತ್ತಾಯಿತು. ಆಮೆ, ತೊರಕೆ, ದೊಡ್ಡ ಮೀನಿನ ಹಿಂಡು ಅಲ್ಲೊಂದು ಇಲ್ಲೊಂದು ಇದ್ದವು. ಪುಟ ತುಂಬ ಇದ್ದದ್ದು ಚಿಕ್ಕ ಜೀವಿಗಳು. ಹವಳದ ಸಂದಿಯಲ್ಲಿ ಕೂತ ಸೀಗಡಿ, ತೂತಿನಿಂದ ತಲೆ ಮಾತ್ರ ಹೊರಗಿಟ್ಟ ಬ್ಲೆನಿ ಮೀನು, ಉಗುರಿಗಿಂತ ತುಸು ಉದ್ದದ ನ್ಯೂಡಿಬ್ರಾಂಕ್. ಈ ಕೊನೆಯದು ಚಿಪ್ಪಿಲ್ಲದ ಸಮುದ್ರದ ಬಸವನಹುಳು. ಬಣ್ಣದಲ್ಲಿ ಅದನ್ನು ಮೀರಿಸುವ ಜೀವಿ ಕಡಿಮೆ.

ಯಾರನ್ನು ಕೇಳಿದರೂ ಮಾತು ಬೇಗ ಮೆಗಾಪಿಕ್ಸೆಲ್ ಕಡೆಗೆ ಹೋಗುತ್ತದೆ. ನೀರೊಳಗಿನ ಕ್ಯಾಮೆರಾಗೆ ಅದು ಕೊನೆಯ ಪ್ರಶ್ನೆ ಅನ್ನೋದು ನನ್ನ ಅಭಿಪ್ರಾಯ. ಚಿಕ್ಕದನ್ನು ಹತ್ತಿರದಿಂದ ತೆಗೆಯಬೇಕಾ, ದೊಡ್ಡದನ್ನು ಅಗಲವಾಗಿ ತೆಗೆಯಬೇಕಾ? ಫೋಟೊನಾ, ವಿಡಿಯೊನಾ? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಸಾಮಾನು ತಾನಾಗೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಲಾಗ್‌ಬುಕ್ ನನ್ನ ಉತ್ತರವನ್ನು ಆಗಲೇ ಹೇಳಿತ್ತು. ಚಿಕ್ಕದು, ಫೋಟೊ. ಆಮೆ ಎದುರಾದರೆ ಒಂದು ವಿಡಿಯೊ ಸಿಕ್ಕರೆ ಸಾಕು.

ಇನ್ನೊಂದು ಮಾತನ್ನೂ ನಾನು ಮೊದಲೇ ಇತ್ಯರ್ಥ ಮಾಡಿಕೊಂಡೆ. ನಾನು ರಜೆಯಲ್ಲಿ ಡೈವ್ ಮಾಡುವವನು. ನೀರಿಗಿಳಿದ ಮೇಲೆ ನನ್ನ ಗಮನದ ದೊಡ್ಡ ಪಾಲು ಗಾಳಿ, ಆಳ, ಬಡ್ಡಿ (ಜೊತೆಗೆ ಡೈವ್ ಮಾಡುವ ಸಂಗಾತಿ) ಇವುಗಳ ಮೇಲೆ ಇರಬೇಕು. ಉಳಿದ ಗಮನದಲ್ಲಿ ನಡೆಸಬಹುದಾದ ಕ್ಯಾಮೆರಾ ಮಾತ್ರ ನನಗೆ ಸರಿ. ಮುಂದೆ ಯಾವುದು ಬೇಕು, ಯಾವುದು ಬೇಡ ಅಂತ ತೂಗಿದಾಗಲೆಲ್ಲ ಇದೇ ಮಾತಿಗೆ ವಾಪಸ್ ಬರುತ್ತಿದ್ದೆ.

ಕ್ಯಾಮೆರಾ ವಿಷಯ ಎತ್ತಿದ ದಿನವೇ ನನ್ನ ಇನ್‌ಸ್ಟ್ರಕ್ಟರ್ ತಡೆದಿದ್ದರು. "ಇನ್ನೂ ಸ್ವಲ್ಪ ದಿನ ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ಈಜು. ಕೈ ಆಡಿಸದೆ ಇದ್ದಲ್ಲೇ ನಿಲ್ಲೋಕೆ ಬಂದ ಮೇಲೆ ಕ್ಯಾಮೆರಾ ತಗೋ."

"ಸರ್, ಅಲ್ಲಿವರೆಗೆ ಕಾಣಿಸಿದ್ದೆಲ್ಲ ತಪ್ಪಿಹೋಗುತ್ತಲ್ಲ?"

"ಕಣ್ಣಿದೆಯಲ್ಲ, ನೋಡು."

ಅವರ ಮಾತು ಎಷ್ಟು ಸರಿ ಅನ್ನೋದು ಕ್ಯಾಮೆರಾ ಹಿಡಿದವರನ್ನು ನೀರೊಳಗೆ ನೋಡಿದರೆ ತಿಳಿಯುತ್ತದೆ. ಬಾಯನ್ಸಿ, ಅಂದರೆ ತೇಲದೆ ಮುಳುಗದೆ ಇದ್ದಲ್ಲೇ ನಿಲ್ಲುವ ಹತೋಟಿ, ಕೂತಿರದಿದ್ದರೆ ಫೋಟೊ ತೆಗೆಯುವವರು ಹವಳದ ಮೇಲೆ ಮೊಣಕಾಲು ಊರುತ್ತಾರೆ. ಇಲ್ಲಾಂದರೆ ಕಾಲಿಗೆ ಹಾಕಿದ ಫಿನ್‌ನಿಂದ ಮರಳೆಬ್ಬಿಸುತ್ತಾರೆ. ಹವಳ ಮುರಿದರೆ ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ನಾನು ನನಗೇ ಒಂದು ಪರೀಕ್ಷೆ ಇಟ್ಟುಕೊಂಡೆ. 5 ಮೀಟರ್ ಆಳದಲ್ಲಿ, ಮರಳಿನಿಂದ ಅರ್ಧ ಮೀಟರ್ ಮೇಲೆ, ಫಿನ್ ಹೊಡೆಯದೆ ಬರೀ ಉಸಿರಿನಲ್ಲೇ ಒಂದು ನಿಮಿಷ ನಿಲ್ಲಬೇಕು. ಅದು ಸಲೀಸಾಗಿ ಬಂದ ಮೇಲೆ ಹುಡುಕಾಟ ಶುರು ಮಾಡಿದೆ.

ನನ್ನ ಡೈವ್ ಬಡ್ಡಿ ಹತ್ತಿರ ಗೋಪ್ರೊ ಅನ್ನುವ ಚಿಕ್ಕ ಆ್ಯಕ್ಷನ್ ಕ್ಯಾಮೆರಾ ಇತ್ತು. ಒಂದು ಡೈವ್‌ಗೆ ನನ್ನ ಕೈಗೆ ಕೊಟ್ಟ. ಬಂದ ವಿಡಿಯೊದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು, ಎಲ್ಲವೂ ನೀಲಿಯಾಗಿತ್ತು. ಕಾರಣ ಕ್ಯಾಮೆರಾ ಅಲ್ಲ, ನೀರು. ಬೆಳಕು ನೀರೊಳಗೆ ಇಳಿಯುತ್ತಾ ಹೋದಂತೆ ಮೊದಲು ಮಾಯವಾಗುವುದು ಕೆಂಪು. ಸುಮಾರು 5 ಮೀಟರ್ ದಾಟಿದರೆ ಅದರ ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ಹಸಿರು, ನೀಲಿ. ಬರೀ ಆಳವನ್ನು ಲೆಕ್ಕ ಹಾಕಿದರೂ ಸಾಲದು. ಮೀನು 3 ಮೀಟರ್ ಆಳದಲ್ಲಿದ್ದು, ನಾವು ಅದರಿಂದ 3 ಮೀಟರ್ ದೂರ ಇದ್ದರೆ, ಬೆಳಕು ಒಟ್ಟು 6 ಮೀಟರ್ ನೀರು ದಾಟಿ ಬಂದಿರುತ್ತದೆ. ಕಣ್ಣಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಮಿದುಳು ಬಣ್ಣವನ್ನು ಸರಿಮಾಡಿಕೊಂಡು ನೋಡುತ್ತದೆ. ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ಹಿಡಿಯುತ್ತದೆ.

ಇದು ನಿಜವಾಗಿ ಮನಸ್ಸಿಗೆ ಇಳಿದದ್ದು ಒಂದು ಟಾರ್ಚ್‌ನಿಂದ. ಸುಮಾರು 15 ಮೀಟರ್ ಆಳದಲ್ಲಿ ಬಂಡೆಗೆ ಅಂಟಿಕೊಂಡ ಒಂದು ಸ್ಪಂಜು ಇತ್ತು. ಕಂದೋ ಕಪ್ಪೋ ಹೇಳಲಾಗದ ಬಣ್ಣ. ಒಂದು ಮೊಳ ದೂರದಿಂದ ಟಾರ್ಚ್ ಬಿಟ್ಟೆ. ಬೆಳಕು ಬಿದ್ದಷ್ಟು ಜಾಗ ಕೆಂಡದಂತೆ ಕೆಂಪಾಯಿತು. ಸರಿಸಿದೆ, ಮತ್ತೆ ಕಪ್ಪು. ಬಿಟ್ಟೆ, ಕೆಂಪು. ಅದರ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆಗಳೂ ಇದ್ದವು, ಅವು ಅಲ್ಲಿವರೆಗೆ ಇದ್ದದ್ದೇ ಗೊತ್ತಿರಲಿಲ್ಲ. ಬಣ್ಣ ಅಲ್ಲೇ ಇರುತ್ತದೆ. ಅದನ್ನು ತೋರಿಸುವ ಬೆಳಕನ್ನು ನಾವೇ ಒಯ್ಯಬೇಕು, ಅದೂ ಹತ್ತಿರಕ್ಕೆ ಒಯ್ಯಬೇಕು. ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಮೊದಲ ಸಾಲು ಲೈಟ್, ಎರಡನೇ ಸಾಲು ಕ್ಯಾಮೆರಾ ಆಯಿತು.

ಕೆಂಪು ಫಿಲ್ಟರ್ ಹಾಕಿದರೆ ಸಾಲದಾ ಅಂತ ಹಲವರು ಕೇಳುತ್ತಾರೆ. ಫಿಲ್ಟರ್ ಹೊಸದಾಗಿ ಕೆಂಪನ್ನು ತಂದುಕೊಡುವುದಿಲ್ಲ. ನೀಲಿ, ಹಸಿರನ್ನು ತಡೆದು, ಉಳಿದಿರುವ ಚೂರು ಕೆಂಪಿನ ಜೊತೆ ಸಮ ಮಾಡುತ್ತದೆ, ಅಷ್ಟೇ. ತಿಳಿನೀರಿನಲ್ಲಿ, ಬಿಸಿಲು ಚೆನ್ನಾಗಿರುವಾಗ, ಸುಮಾರು 5ರಿಂದ 20 ಮೀಟರ್ ನಡುವೆ ಆಮೆ, ಹವಳದ ದಿಬ್ಬದಂಥ ದೊಡ್ಡ ದೃಶ್ಯಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಹಸಿರಾಗಿದ್ದರೆ ಕೆಂಪಿನ ಬದಲು ಮಜೆಂಟಾ ಫಿಲ್ಟರ್ ಬೇಕು. ಲೈಟ್ ಹಾಕಿದಾಗ ಯಾವ ಫಿಲ್ಟರನ್ನೂ ತೆಗೆಯಲೇಬೇಕು, ಇಲ್ಲದಿದ್ದರೆ ಎಲ್ಲ ಕೆಂಪಡರುತ್ತದೆ. ಚಿಕ್ಕ ಜೀವಿಗಳ ಫೋಟೊಗೆ ಲೈಟ್ ಇಲ್ಲದೆ ಆಗುವುದೇ ಇಲ್ಲ. ಹಾಗಾಗಿ ಫಿಲ್ಟರ್ ನನ್ನ ಪಟ್ಟಿಯಿಂದ ಹೋಯಿತು.

ಇನ್ನು ಕ್ಯಾಮೆರಾ. ಆ್ಯಕ್ಷನ್ ಕ್ಯಾಮೆರಾವನ್ನು ಸುಲಭವಾಗಿ ತಳ್ಳಿಹಾಕಲು ಮನಸ್ಸು ಬರಲಿಲ್ಲ. ಅಂಗೈಯಷ್ಟು ಗಾತ್ರ, ಒಂದು ಗುಂಡಿ ಒತ್ತಿದರೆ ಆಯಿತು, ಕೈ ಅಲುಗಿದರೂ ವಿಡಿಯೊ ಅಲುಗುವುದಿಲ್ಲ. ಈಚಿನ ಹೆಚ್ಚಿನ ಗೋಪ್ರೊ ಹೀರೊ ಕ್ಯಾಮೆರಾಗಳು ಹೌಸಿಂಗ್ (ನೀರು ತಡೆಯುವ ಗಟ್ಟಿ ಹೊರಕವಚ) ಇಲ್ಲದೆ 10 ಮೀಟರ್‌ವರೆಗೆ, ಡೈವ್ ಹೌಸಿಂಗ್ ಹಾಕಿದರೆ 60 ಮೀಟರ್‌ವರೆಗೆ ಇಳಿಯುತ್ತವೆ. ಡಿಜೆಐ ಓಸ್ಮೊ ಆ್ಯಕ್ಷನ್ 4 ಬರೀ ಮೈಯಲ್ಲೇ 18 ಮೀಟರ್, ಆ್ಯಕ್ಷನ್ 5 ಪ್ರೊ 20 ಮೀಟರ್. ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಸರ್ಟಿಫಿಕೇಟಿನ ಮಿತಿಯೇ 18 ಮೀಟರ್ ಅಲ್ವಾ, ಹಾಗಾದರೆ ಹೌಸಿಂಗ್ ಯಾಕೆ ಅನ್ನಿಸಬಹುದು. ಮಿತಿಯ ಅಂಚಿನಲ್ಲೇ ದಿನವೂ ಬಳಸುವ ವಸ್ತುವನ್ನು ನಾನು ನಂಬುವುದಿಲ್ಲ. ಅದಲ್ಲದೆ ನೀರೊಳಗೆ ಟಚ್ ಸ್ಕ್ರೀನ್ ಕೆಲಸ ಮಾಡುವುದಿಲ್ಲ. ಗುಂಡಿಗಳು ದೊಡ್ಡದಾಗಿ, ಗ್ಲೌಸ್ ಹಾಕಿದ ಬೆರಳಿಗೂ ಸಿಗುವ ಹಾಗೆ ಇರಬೇಕು. ಹೌಸಿಂಗ್ ಅದನ್ನೂ ಕೊಡುತ್ತದೆ.

ಆ್ಯಕ್ಷನ್ ಕ್ಯಾಮೆರಾ ನನಗೆ ಒಗ್ಗದೆ ಹೋದದ್ದು ಒಂದೇ ಕಾರಣಕ್ಕೆ. ಬಡ್ಡಿಯ ಗೋಪ್ರೊ ಸುಮಾರು 30 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಮಸುಕಾಗುತ್ತಿತ್ತು. ಉಗುರಿನಷ್ಟಿರುವ ನ್ಯೂಡಿಬ್ರಾಂಕ್ ಅಷ್ಟು ದೂರದಿಂದ, ಅಷ್ಟು ಅಗಲದ ಲೆನ್ಸಿನಲ್ಲಿ, ಒಂದು ಚುಕ್ಕೆ. ಮುಂದೆ ಮ್ಯಾಕ್ರೊ (ಚಿಕ್ಕದನ್ನು ಹತ್ತಿರದಿಂದ ತೆಗೆಯುವ) ಲೆನ್ಸ್ ಸಿಕ್ಕಿಸಿಕೊಳ್ಳಬಹುದು, ಆದರೆ ಫೋಕಸ್ ಎಲ್ಲಿ ಕೂತಿದೆ ಅಂತ ಆ ಚಿಕ್ಕ ಪರದೆಯಲ್ಲಿ ನೋಡಿ ತಿಳಿಯುವುದು ಕಷ್ಟ. ವಿಡಿಯೊ ಬೇಕು, ಆಮೆ ಬೇಕು, ತೊರಕೆ ಬೇಕು, ಗೆಳೆಯರು ಈಜುವುದನ್ನು ತೆಗೆಯಬೇಕು ಅನ್ನುವವರಿಗೆ ಮಾತ್ರ ನಾನು ಈಗಲೂ ಹೇಳುವುದು ಆ್ಯಕ್ಷನ್ ಕ್ಯಾಮೆರಾ, ಅದನ್ನು ಕೂರಿಸಲು ಎರಡು ಹಿಡಿಯ ಚಿಕ್ಕ ಟ್ರೇ, ಒಂದು ಅಗಲ ಬೆಳಕಿನ ಲೈಟ್. ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ಫೋನನ್ನೇ ಹೌಸಿಂಗ್‌ನಲ್ಲಿ ಹಾಕಿ ಒಯ್ಯುವ ದಾರಿಯೂ ಇದೆ. ಸೀಲೈಫ್ ಸ್ಪೋರ್ಟ್‌ಡೈವರ್ ಅನ್ನುವ ಹೌಸಿಂಗ್ 40 ಮೀಟರ್‌ವರೆಗೆ ಹೋಗುತ್ತದೆ, ಅದರ ಗುಂಡಿಗಳು ಬ್ಲೂಟೂತ್ ಮೂಲಕ ಫೋನನ್ನು ನಡೆಸುತ್ತವೆ. ಪರದೆ ದೊಡ್ಡದು, ಚಿತ್ರವೂ ಒಳ್ಳೆಯದು. ನನಗೆ ಹೆದರಿಕೆ ಇದ್ದದ್ದು ಬೇರೆ. ಟಿಕೆಟ್ಟು, ಹಣ, ಮನೆಯವರ ನಂಬರು, ಎಲ್ಲ ಇರುವ ವಸ್ತುವನ್ನು ರಜೆಯ ಮಧ್ಯದಲ್ಲಿ ಸಮುದ್ರಕ್ಕಿಳಿಸಲು ನನಗೆ ಧೈರ್ಯವಿಲ್ಲ. ಹಳೆಯ ಫೋನೊಂದು ಮನೆಯಲ್ಲಿದ್ದರೆ ಅದು ಬೇರೆ ಮಾತು. ನೀರು ತಡೆಯುವ ಗುರುತು ಐಪಿ68 ಅಂತ ಬರೆದಿದೆ ಅಂತ ಫೋನನ್ನು ಹಾಗೇ ಡೈವ್‌ಗೆ ಒಯ್ಯುವುದಂತೂ ಬೇಡವೇ ಬೇಡ. ಆ ಗುರುತು ನಿಂತ ಸಿಹಿನೀರಿಗೆ, ತಯಾರಕರು ಹೇಳಿದಷ್ಟು ಆಳಕ್ಕೆ, ಹೇಳಿದಷ್ಟು ಹೊತ್ತಿಗೆ. ಡೈವ್‌ನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತಾ ಹೋಗುತ್ತದೆ. 30 ಮೀಟರ್‌ನಲ್ಲಿ ಅದು ಮೇಲಿನ ನಾಲ್ಕು ಪಟ್ಟು.

ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಬಗ್ಗೆ ಹೆಚ್ಚು ಹೊತ್ತು ಯೋಚಿಸಲಿಲ್ಲ. ಚಿತ್ರ ಅದ್ಭುತ, ಅನುಮಾನವೇ ಇಲ್ಲ. ಆದರೆ ಒಂದೊಂದು ಲೆನ್ಸಿಗೂ ಬೇರೆ ಪೋರ್ಟ್ (ಹೌಸಿಂಗ್‌ನ ಮುಂದಿನ ಗಾಜು), ಎರಡು ಸ್ಟ್ರೋಬ್ ಫ್ಲ್ಯಾಶ್, ಅವನ್ನು ಹಿಡಿಯುವ ಉದ್ದನೆಯ ತೋಳುಗಳು, ಅದಕ್ಕೊಂದು ಪೆಟ್ಟಿಗೆ. ನೀರಿಗಿಳಿಯುವ ಮುಂಚೆ ಯಾವ ಲೆನ್ಸ್ ಅಂತ ತೀರ್ಮಾನ ಮಾಡಬೇಕು, ಇಳಿದ ಮೇಲೆ ಬದಲಿಸುವ ಹಾಗಿಲ್ಲ. ಫೋಟೊಗಾಗಿಯೇ ಡೈವ್ ಮಾಡುವವರ ಸಾಮಾನು ಅದು.

ಉಳಿದದ್ದು ಕಾಂಪ್ಯಾಕ್ಟ್ ಕ್ಯಾಮೆರಾ. ಇಲ್ಲಿ ಎರಡು ದಾರಿ. ಒಂದು, 1 ಇಂಚಿನ ಸೆನ್ಸರ್ (ಬೆಳಕನ್ನು ಹಿಡಿಯುವ ಚಿಪ್) ಇರುವ ಸೋನಿ ಆರ್‌ಎಕ್ಸ್100 ಥರದ್ದು. ಕಡಿಮೆ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಶಟರ್ ವೇಗ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎರಡೂ ನಮ್ಮ ಕೈಯಲ್ಲಿರುತ್ತದೆ. ಆದರೆ ತೀರಾ ಹತ್ತಿರ ಹೋಗಲು ಹೊರಗಡೆ ಕ್ಲೋಸ್‌ಅಪ್ ಲೆನ್ಸ್ ಬೇಕು. ಇನ್ನೊಂದು, ಒಲಿಂಪಸ್ ಟಿಜಿ ಸಾಲಿನದ್ದು. 2017ರಲ್ಲಿ ಟಿಜಿ-5, 2019ರಲ್ಲಿ ಟಿಜಿ-6 ಬಂದವು. 2023ರ ಟಿಜಿ-7 ಬರುವ ಹೊತ್ತಿಗೆ ಹೆಸರು ಓಎಂ ಸಿಸ್ಟಮ್ ಅಂತ ಆಗಿತ್ತು. 12 ಮೆಗಾಪಿಕ್ಸೆಲ್, ಚಿಕ್ಕ ಸೆನ್ಸರ್. ಕಾಗದದ ಮೇಲೆ ನೋಡಿದರೆ ಯಾರೂ ಬೆರಗಾಗುವುದಿಲ್ಲ. ಅದರಲ್ಲೊಂದು ಮೈಕ್ರೋಸ್ಕೋಪ್ ಮೋಡ್ ಇದೆ. ಲೆನ್ಸಿನಿಂದ 1 ಸೆಂಟಿಮೀಟರ್ ದೂರದಲ್ಲಿರುವುದರ ಮೇಲೂ ಫೋಕಸ್ ಕೂರುತ್ತದೆ, ಹೊರಗಡೆ ಬೇರೆ ಲೆನ್ಸ್ ಬೇಕಿಲ್ಲ. ಆಮೇಲೆ ಬಣ್ಣ, ಬೆಳಕು ತಿದ್ದಲು ಅನುಕೂಲವಾದ ರಾ ಫೈಲ್ ಸಿಗುತ್ತದೆ. ನೀರೊಳಗಿನ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಅದರಲ್ಲೇ ಇದೆ. ಕೊರತೆಯೂ ಇದೆ. ಶಟರ್ ವೇಗವನ್ನು ನಾವೇ ಇಡಲು ಬರುವುದಿಲ್ಲ, ಬೆಳಕು ಕಡಿಮೆಯಾದರೆ ಚಿತ್ರ ಬೇಗ ಕಾಳುಕಾಳಾಗುತ್ತದೆ. ನನ್ನ ಲಾಗ್‌ಬುಕ್ಕಿನ ಸೀಗಡಿ, ಬ್ಲೆನಿಗಳನ್ನು ನೆನೆದು ನಾನು ಟಿಜಿ ಕಡೆ ವಾಲಿದೆ.

ಟಿಜಿ ತಾನಾಗಿಯೇ 15 ಮೀಟರ್‌ವರೆಗೆ ನೀರು ತಡೆಯುತ್ತದೆ. ಆದರೂ ಹೌಸಿಂಗ್ ಸಮೇತವೇ ಕೊಂಡೆ. 45 ಮೀಟರ್‌ನದ್ದು. ಮನರಂಜನೆಯ ಡೈವಿಂಗ್‌ನ ಕೊನೆಯ ಮಿತಿ 40 ಮೀಟರ್, ಅದಕ್ಕೂ ಆಚೆ ಐದು ಮೀಟರ್ ಉಳಿಯುತ್ತದೆ. ಇದರಲ್ಲಿ ಇನ್ನೊಂದು ನೆಮ್ಮದಿ ಇದೆ. ಹೌಸಿಂಗ್ ಒಳಗೆ ಹನಿ ನೀರು ಸೇರಿದರೂ ಕ್ಯಾಮೆರಾ ತಕ್ಷಣ ಸಾಯುವುದಿಲ್ಲ. 15 ಮೀಟರಿಗಿಂತ ಕಡಿಮೆ ಆಳದಲ್ಲಿದ್ದರೆ ಅದು ತಾನೇ ತಡೆದುಕೊಳ್ಳಬೇಕು. ಆರ್‌ಎಕ್ಸ್100 ಥರದ ಕ್ಯಾಮೆರಾಗಳಿಗೆ ಈ ಎರಡನೇ ಬೇಲಿ ಇರುವುದಿಲ್ಲ.

ಕೊಳ್ಳುವವರು ಹೌಸಿಂಗ್ ವಿಷಯವನ್ನು ಕ್ಯಾಮೆರಾಗಿಂತ ಮುಂಚೆ ನೋಡಬೇಕು. ಒಂದು ಹೌಸಿಂಗ್ ಸಾಮಾನ್ಯವಾಗಿ ಒಂದೇ ಮಾಡೆಲ್ಲಿಗೆ ಕೂರುತ್ತದೆ. ಗುಂಡಿಯೊಂದು ಎರಡು ಮಿಲಿಮೀಟರ್ ಆಚೀಚೆ ಆದರೂ ಮುಗಿಯಿತು. ಕ್ಯಾಮೆರಾ ಕೆಟ್ಟು ಅದೇ ಮಾಡೆಲ್ ಸಿಗದೆ ಹೋದರೆ ಹೌಸಿಂಗ್ ಕಪಾಟಿನ ಅಲಂಕಾರ. ಟಿಜಿ-6ರ ಹೌಸಿಂಗ್ ಟಿಜಿ-7ಕ್ಕೂ ಕೂರುತ್ತದೆ ಅನ್ನೋದು ನನ್ನ ಆಯ್ಕೆಯಲ್ಲಿ ದೊಡ್ಡ ತೂಕದ ಮಾತಾಗಿತ್ತು.

ಆಮೇಲೆ ಲೈಟ್. ಸ್ಟ್ರೋಬಾ, ವಿಡಿಯೊ ಲೈಟಾ ಅನ್ನೋದರ ಮೇಲೆ ನಾನು ಅತಿ ಹೆಚ್ಚು ಹೊತ್ತು ಕಳೆದೆ. ಸ್ಟ್ರೋಬ್ ಅಂದರೆ ಹೊರಗಡೆ ತೋಳಿನ ಮೇಲೆ ಕೂರುವ ಫ್ಲ್ಯಾಶ್. ಒಂದು ಕ್ಷಣದ ಬೆಳಕು, ಆದರೆ ತುಂಬಾ ಜೋರು. ಓಡುವ ಮೀನೂ ನಿಂತ ಹಾಗೆ ಸಿಗುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಮಿನುಗಿದ್ದನ್ನು ಫೈಬರ್ ಆಪ್ಟಿಕ್ ಕೇಬಲ್ ಸ್ಟ್ರೋಬಿಗೆ ಮುಟ್ಟಿಸುತ್ತದೆ, ಅದು ಹೊಡೆಯುತ್ತದೆ. ವಿಡಿಯೊ ಲೈಟ್ ಸದಾ ಉರಿಯುತ್ತದೆ. ಜೋರು ಕಡಿಮೆ, ಕೆಲವು ಮೀನುಗಳು ಬೆಳಕು ಕಂಡು ಮುಖ ತಿರುಗಿಸುತ್ತವೆ. ಆದರೆ ಫೋಟೊ ತೆಗೆಯುವ ಮುಂಚೆಯೇ ನೆರಳು ಎಲ್ಲಿ ಬೀಳುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ವಿಡಿಯೊಗೂ ಅದೇ ಆಗುತ್ತದೆ. ಫೋಕಸ್ ಕೂರಲೂ ಸಹಾಯ ಆಗುತ್ತದೆ. ಸಂದಿಯೊಳಗೆ ಇಣುಕಲು ಟಾರ್ಚ್ ಕೂಡ ಅದೇ.

ಕೈಯಳತೆಯಲ್ಲಿ ಇರುವ, ಅಷ್ಟಾಗಿ ಓಡಾಡದ ಜೀವಿಗಳಿಗೆ ವಿಡಿಯೊ ಲೈಟ್ ಸಾಕು ಅಂತ ತೀರ್ಮಾನಿಸಿದೆ. ಬೆಳಕು ಎಷ್ಟು ಅಂತ ಹೇಳುವ ಲ್ಯೂಮೆನ್ ಸಂಖ್ಯೆಯ ಜೊತೆಗೆ ಬೆಳಕು ಹರಡುವ ಕೋನವನ್ನೂ ನೋಡಬೇಕು. ಸಾಮಾನ್ಯ ಡೈವ್ ಟಾರ್ಚ್ ಸೂಜಿಯಂಥ ಕಿರಿದಾದ ಬೆಳಕು ಬಿಡುತ್ತದೆ, ಫೋಟೊದಲ್ಲಿ ನಡುವೆ ಬಿಳಿ ವೃತ್ತ, ಸುತ್ತ ಕತ್ತಲೆ. ಸುಮಾರು 100 ಡಿಗ್ರಿ ಅಗಲಕ್ಕೆ ಸಮನಾಗಿ ಹರಡುವ ಬೆಳಕು ನನಗೆ ಬೇಕಿತ್ತು. ಸುಮಾರು 2500 ಲ್ಯೂಮೆನ್ನಿನದ್ದು ತಗೊಂಡೆ. ಮ್ಯಾಕ್ರೊಗೆ ಅದರ ಅರ್ಧ ಉರಿಸಿದರೂ ನಡೆಯುತ್ತದೆ. ಎಷ್ಟೇ ದೊಡ್ಡ ಲೈಟ್ ಆದರೂ ನೀರೊಳಗೆ ಬಣ್ಣ ತರುವುದು ಒಂದು, ಒಂದೂವರೆ ಮೀಟರ್ ದೂರಕ್ಕೆ ಮಾತ್ರ. ಅದರಾಚೆಗಿನ ಆಮೆಗೆ ಲೈಟ್ ಬಿಟ್ಟು ಪ್ರಯೋಜನವಿಲ್ಲ.

ಲೈಟನ್ನು ಎಲ್ಲಿ ಕೂರಿಸುತ್ತೇವೆ ಅನ್ನೋದು ಲೈಟಿನಷ್ಟೇ ಮುಖ್ಯ. ನೀರಿನಲ್ಲಿ ಸದಾ ಸಣ್ಣ ಕಣಗಳು ತೇಲುತ್ತಿರುತ್ತವೆ. ಲೆನ್ಸಿನ ಪಕ್ಕದಲ್ಲೇ ಬೆಳಕಿದ್ದರೆ ಮುಂದಿನ ಕಣಗಳೆಲ್ಲ ಹೊಳೆದು ಫೋಟೊ ತುಂಬ ಬಿಳಿ ಚುಕ್ಕೆ. ಡೈವರ್‌ಗಳು ಇದನ್ನು ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ. ಕ್ಯಾಮೆರಾದ ಒಳಗಿನ ಫ್ಲ್ಯಾಶ್ ಬಳಸಿದಾಗ ಇದು ಬಂದೇ ಬರುತ್ತದೆ. ಅದಕ್ಕಾಗಿಯೇ ಟ್ರೇ ಮತ್ತು ತೋಳು. ಹೌಸಿಂಗ್ ಕೆಳಗೆ ಒಂದು ಹಿಡಿಯ ಟ್ರೇ, ಅದರ ಮೇಲೆ ಗೋಲಿ ಕೀಲಿನ ಒಂದು ಚಿಕ್ಕ ತೋಳು, ತುದಿಯಲ್ಲಿ ಲೈಟ್. ಈ ಗೋಲಿಗಳು ಹೆಚ್ಚಾಗಿ 1 ಇಂಚಿನವೇ, ಬೇರೆ ಬೇರೆ ಕಂಪನಿಯ ತೋಳುಗಳೂ ಒಂದಕ್ಕೊಂದು ಕೂರುತ್ತವೆ. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ತೀರಾ ಹತ್ತಿರ ಹೋದಾಗ ಹೌಸಿಂಗ್‌ನ ನೆರಳೇ ಜೀವಿಯ ಮೇಲೆ ಬೀಳುತ್ತದೆ. ಆಗ ತೋಳನ್ನು ಬಗ್ಗಿಸಿ ಪಕ್ಕದಿಂದ, ತುಸು ಮೇಲಿನಿಂದ ಬೆಳಕು ಕೊಡುತ್ತೇನೆ. ಆ ಓರೆ ಬೆಳಕಿನಲ್ಲಿ ನ್ಯೂಡಿಬ್ರಾಂಕಿನ ಬೆನ್ನಿನ ಮೇಲಿನ ಗರಿಯಂಥ ಕಿವಿರುಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ.

ಸೆಟಪ್ ನೀರೊಳಗೆ ಎಷ್ಟು ತೂಗುತ್ತದೆ ಅನ್ನೋದನ್ನು ನೀರಿಗಿಳಿಸಿಯೇ ತಿಳಿಯಬೇಕು. ಹೌಸಿಂಗ್ ಒಳಗಿನ ಗಾಳಿ ಮೇಲಕ್ಕೆ ಎತ್ತುತ್ತದೆ, ಲೈಟ್ ಕೆಳಕ್ಕೆ ಎಳೆಯುತ್ತದೆ. ನನ್ನದು ತುಸು ಮುಳುಗುವ ಹಾಗಿದೆ. ಕೈಬಿಟ್ಟರೆ ನಿಧಾನ ಕೆಳಗಿಳಿಯುತ್ತದೆ. ಮೇಲಕ್ಕೆ ತೇಲಿ ಹೋಗುವುದಕ್ಕಿಂತ ಇದೇ ವಾಸಿ. ಸುರುಳಿ ಹಗ್ಗದ ಲ್ಯಾನ್ಯಾರ್ಡಿನಿಂದ ಬಿಸಿಡಿಯ (ಗಾಳಿ ತುಂಬುವ ಡೈವಿಂಗ್ ಜಾಕೆಟ್) ಡಿ-ರಿಂಗ್ ಅನ್ನುವ ಬಳೆಗೆ ಕೊಕ್ಕೆ ಹಾಕಿರುತ್ತೇನೆ, ಬೇಕೆಂದರೆ ಎರಡೂ ಕೈ ಖಾಲಿ ಮಾಡಿಕೊಳ್ಳಬಹುದು. ಬಡ್ಡಿಗೆ ಗಾಳಿ ಕೊಡಬೇಕಾದ ಹೊತ್ತಿನಲ್ಲಿ ಕೈಯಲ್ಲಿ ಕ್ಯಾಮೆರಾ ಇರಬಾರದಲ್ಲ.

ಕ್ಯಾಮೆರಾ ಒಳಗಿಡುವ ಮುಂಚೆ ಖಾಲಿ ಹೌಸಿಂಗನ್ನು ಒಂದು ಡೈವ್‌ಗೆ ಒಯ್ದೆ. ಖಾಲಿ ಹೌಸಿಂಗ್ ಮೇಲಕ್ಕೆ ತೇಲುವ ಕಾರಣ ಬಟ್ಟೆಯಲ್ಲಿ ಸುತ್ತಿದ ಒಂದು ಸೀಸದ ತುಂಡು ಒಳಗಿಟ್ಟೆ, ಜೊತೆಗೆ ಒಂದು ಟಿಶ್ಯೂ ಕಾಗದ. ಕೆಳಗೆ ಹೋಗಿ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ಮೇಲೆ ಬಂದು ತೆರೆದಾಗ ಕಾಗದ ಗರಿಗರಿಯಾಗಿತ್ತು. ಆಮೇಲೆಯೇ ಕ್ಯಾಮೆರಾ ಒಳಗೆ ಹೋದದ್ದು.

ಓ-ರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಡೀ ಸೆಟಪ್ಪನ್ನು ಕಾಯುವುದು ಆ ತೆಳು ರಬ್ಬರ್ ಬಳೆ. ಅದರ ಮೇಲೆ ಅಡ್ಡ ಬಿದ್ದ ಒಂದು ತಲೆಕೂದಲು ಸಾಕು, ನೀರಿಗೆ ದಾರಿ ಆಗುತ್ತದೆ. ನಾನು ಮಾಡುವುದು ಹೀಗೆ. ಕೈ ತೊಳೆದು ಒರೆಸಿಕೊಂಡು, ಫ್ಯಾನ್ ಆರಿಸಿ, ಒಳ್ಳೆಯ ಬೆಳಕಿನ ಕೆಳಗೆ ಕೂರುತ್ತೇನೆ. ಓ-ರಿಂಗನ್ನು ಬೆರಳಿನಿಂದ ಒತ್ತಿ ಉಬ್ಬಿಸಿ ತೆಗೆಯುತ್ತೇನೆ, ಲೋಹದ ಮೊನೆ ಮುಟ್ಟಿಸುವುದಿಲ್ಲ. ಕಣ್ಣು ಬಿಟ್ಟದ್ದನ್ನು ಬೆರಳು ಹಿಡಿಯುತ್ತದೆ. ಎರಡು ಬೆರಳ ನಡುವೆ ಸುತ್ತಲೂ ಹಾಯಿಸಿದರೆ ಒಂದು ಮರಳಿನ ಕಣವೂ ಚುಚ್ಚುತ್ತದೆ. ಅದು ಕೂರುವ ಕಾಲುವೆಯಂಥ ಕೊರಕಲನ್ನು ನೂಲು ಬಿಡದ ಬಟ್ಟೆಯಿಂದ ಒರೆಸುತ್ತೇನೆ. ಹತ್ತಿ ಕಡ್ಡಿ ಎಳೆ ಬಿಡುತ್ತದೆ, ಅದು ಬೇಡ. ಆಮೇಲೆ ಗ್ರೀಸ್, ತಯಾರಕರು ಹೇಳಿದ್ದೇ. ರಬ್ಬರ್ ಹೊಳೆಯುವಷ್ಟು ಸಾಕು. ನೀರು ತಡೆಯುವುದು ಗ್ರೀಸ್ ಅಲ್ಲ, ರಬ್ಬರ್. ಗ್ರೀಸ್ ಅದನ್ನು ಮೆತ್ತಗೆ ಜಾರುವ ಹಾಗೆ ಇಡುತ್ತದೆ, ದಪ್ಪ ಬಳಿದರೆ ಕೂದಲು, ಮರಳನ್ನು ಕರೆದು ಅಂಟಿಸಿಕೊಳ್ಳುತ್ತದೆ.

ಮುಚ್ಚುವ ಜಾಗವೂ ಮುಖ್ಯ. ದೋಣಿಯ ಮೇಲೆ, ಒದ್ದೆ ಬಿಸಿಗಾಳಿಯಲ್ಲಿ ಮುಚ್ಚಿದರೆ ತಣ್ಣನೆಯ ನೀರಿಗಿಳಿದ ತಕ್ಷಣ ಗಾಜಿನ ಒಳಗೆ ಮಂಜು ಕೂರುತ್ತದೆ. ಹಿಂದಿನ ರಾತ್ರಿಯೇ, ತಂಪಾದ ಒಣ ಕೋಣೆಯಲ್ಲಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ ಮುಚ್ಚಿಬಿಡುತ್ತೇನೆ.

ನೀರಿಗೆ ಹಾರುವಾಗ ಕ್ಯಾಮೆರಾ ಕೈಯಲ್ಲಿರುವುದಿಲ್ಲ. ಹಾರಿದ ಮೇಲೆ ದೋಣಿಯವರು ಕೆಳಗೆ ಕೊಡುತ್ತಾರೆ. ಒಂದೆರಡು ಮೀಟರ್ ಇಳಿದು ನಿಂತು ಗುಳ್ಳೆ ಬರುತ್ತಿದೆಯಾ ನೋಡುತ್ತೇನೆ. ಆಳಕ್ಕೆ ಹೋದಷ್ಟೂ ನೀರೇ ಮುಚ್ಚಳವನ್ನು ಬಿಗಿಯಾಗಿ ಒತ್ತುತ್ತದೆ, ಹಾಗಾಗಿ ಸೋರುವುದಿದ್ದರೆ ಹೆಚ್ಚಾಗಿ ಮೇಲೆಯೇ ಗೊತ್ತಾಗುತ್ತದೆ.

ಫೋಟೊ ತೆಗೆಯುವಾಗ ನಾನು ಪಾಲಿಸುವ ನಿಯಮ ಹತ್ತಿರ ಹೋಗು ಅನ್ನೋದೇ. ಸಮುದ್ರ ಶೋಧಕ ಜ್ಯಾಕ್ ಕುಸ್ಟೊ ಮತ್ತು ಎಂಜಿನಿಯರ್ ಜಾನ್ ದ ವೌಟರ್ಸ್ ನೀರೊಳಗೆಂದೇ ಕಟ್ಟಿದ ಕ್ಯಾಲಿಪ್ಸೊ ಫಿಲ್ಮ್ ಕ್ಯಾಮೆರಾವನ್ನು ನಿಕಾನ್ 1963ರಲ್ಲಿ ನಿಕಾನೊಸ್ ಹೆಸರಿನಲ್ಲಿ ತಂದಿತು. ಅದರಲ್ಲಿ ಫೋಕಸ್‌ಗೆ ದೂರವನ್ನು ಕಣ್ಣಳತೆಯಲ್ಲಿ ಅಂದಾಜಿಸಿ ಇಡಬೇಕಿತ್ತು. ಒಂದು ರೋಲಿನಲ್ಲಿ 36 ಚಿತ್ರ, ಕೆಳಗೆ ರೋಲ್ ಬದಲಿಸುವ ಹಾಗಿಲ್ಲ. ಆ ಕಾಲದವರು ಒಂದೊಂದು ಚಿತ್ರಕ್ಕೂ ಎಷ್ಟು ತಾಳ್ಮೆಯಿಂದ ಹತ್ತಿರ ಹೋಗಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ಈಗ ಕಾರ್ಡಿನಲ್ಲಿ ಸಾವಿರಾರು ಹಿಡಿಯುತ್ತದೆ, ದೂರದಿಂದ ಸುಮ್ನೆ ಒತ್ತುತ್ತಾ ಹೋಗುವುದು ಸುಲಭ. ಅಂಥವು ಒಂದೂ ಉಳಿಯುವುದಿಲ್ಲ.

ಹೌಸಿಂಗ್‌ನ ಚಪ್ಪಟೆ ಗಾಜು ನೀರೊಳಗೆ ಎಲ್ಲವನ್ನೂ ಮೂರನೇ ಒಂದರಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಟಿಜಿಯ 25 ಮಿಲಿಮೀಟರ್ ಲೆನ್ಸಿನ ನೋಟ ಅಲ್ಲಿ ಸುಮಾರು 33 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಸೀಗಡಿಗೆ ಇದು ಲಾಭ, ಆಮೆಗೆ ನಷ್ಟ. ಅಗಲದ ನೋಟ ಬೇಕಾದರೆ ನೀರೊಳಗೇ ಹಾಕಿ ತೆಗೆಯಬಹುದಾದ ವೆಟ್ ಲೆನ್ಸ್ ಸಿಗುತ್ತವೆ, ಹೆಚ್ಚಿನವು 67 ಮಿಲಿಮೀಟರ್ ತಿರುಪಿನವು. ಹಾಕಿದ ಮೇಲೆ ನಡುವೆ ಸಿಕ್ಕ ಗಾಳಿಗುಳ್ಳೆಯನ್ನು ಹೊರಗೆ ಬಿಡಬೇಕು.

ಸೆಟ್ಟಿಂಗ್ ವಿಷಯದಲ್ಲಿ ನಾನು ಹೆಚ್ಚು ತಲೆ ಹಾಕುವುದಿಲ್ಲ. ಮೈಕ್ರೋಸ್ಕೋಪ್ ಮೋಡ್, ಫ್ಲ್ಯಾಶ್ ಬಂದ್, ಎಕ್ಸ್‌ಪೋಶರ್ (ಚಿತ್ರದ ಬೆಳಕು) ತುಸು ಕಡಿಮೆ, ರಾ ಫೈಲ್. ಫೋಕಸ್ ಕಣ್ಣಿನ ಮೇಲೆ. ಉಸಿರು ಹಿಡಿಯುವುದು ಎಂದಿಗೂ ಇಲ್ಲ, ಅದು ಡೈವಿಂಗ್‌ನ ಮೊದಲ ನಿಯಮ. ಉಸಿರು ಬಿಟ್ಟು ದೇಹ ತುಸು ಇಳಿಯುವ ಕ್ಷಣಕ್ಕೆ ಕಾದು ಒತ್ತುತ್ತೇನೆ. ಒಂದು ಜೀವಿ ಮುಗಿದ ತಕ್ಷಣ ಗಾಳಿಯ ಗೇಜ್ ನೋಡುವುದು, ಆಮೇಲೆ ಬಡ್ಡಿಯನ್ನು ನೋಡುವುದು, ಆಮೇಲೆ ಇನ್ನೊಂದು ಜೀವಿ. ಬಡ್ಡಿಯ ಜೊತೆ ದೋಣಿಯ ಮೇಲೇ ಮಾತಾಡಿಕೊಂಡಿರುತ್ತೇವೆ. ಅವನು ಕಾಯುವ ಹೊತ್ತಿಗೊಂದು ಮಿತಿ ಇದೆ, ಅವನು ಟಾರ್ಚ್ ಅಲ್ಲಾಡಿಸಿದರೆ ನಾನು ಬಿಟ್ಟು ಹೊರಡಬೇಕು. ಜೀವಿಯನ್ನು ಬೆರಳಿನಿಂದ ಸರಿಸಿ ಕೂರಿಸುವ ಕೆಲಸ ಇಬ್ಬರಿಗೂ ಇಲ್ಲ.

ಮೇಲೆ ಬಂದ ಮೇಲೆ ಉಪ್ಪು ಒಣಗುವ ಮುಂಚೆ ಸಿಹಿನೀರಿನಲ್ಲಿ ನೆನೆಹಾಕಿ, ನೀರೊಳಗೇ ಒಂದೊಂದು ಗುಂಡಿಯನ್ನೂ ಒತ್ತುತ್ತೇನೆ. ಮಾಸ್ಕ್ ತೊಳೆಯುವ ತೊಟ್ಟಿಯಲ್ಲಿ ಇಡುವುದಿಲ್ಲ, ಅಲ್ಲಿ ಬೇರೆ ಸಾಮಾನು ಮೇಲೆ ಬೀಳುತ್ತದೆ. ವಿಮಾನ ಹತ್ತುವ ಮುಂಚೆ ಲೈಟಿನಿಂದ ಲಿಥಿಯಂ ಬ್ಯಾಟರಿ ತೆಗೆದು ಕೈಚೀಲದಲ್ಲಿ ಇಡುತ್ತೇನೆ. ಚೀಲದೊಳಗೆ ಆ ಲೈಟ್ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಹೌಸಿಂಗ್‌ನ ಓ-ರಿಂಗ್ ತೆಗೆದಿಡುತ್ತೇನೆ, ಇಲ್ಲದಿದ್ದರೆ ಒತ್ತಡ ಬದಲಾಗಿ ಮುಚ್ಚಳ ಬಿಗಿದುಕೊಳ್ಳುತ್ತದೆ.

ಓಡಾಡುವ ಮೀನುಗಳ ಫೋಟೊಗೆ ಮುಂದೆ ಒಂದು ಸ್ಟ್ರೋಬ್ ಸೇರಿಸುವ ಮನಸ್ಸಿದೆ. ಟ್ರೇಯ ಇನ್ನೊಂದು ಬದಿಯಲ್ಲಿ ಅದರ ತೋಳಿಗೆ ಜಾಗ ಬಿಟ್ಟುಕೊಂಡಿದ್ದೇನೆ. ಇನ್ನೊಂದು ತೋಳು, ಇನ್ನೊಂದು ಕೇಬಲ್ ಬಂದ ಮೇಲೂ ಕೈ ಕಟ್ಟಿಕೊಂಡಷ್ಟೇ ನಿಶ್ಚಲವಾಗಿ ನಿಲ್ಲಲು ಆಗುತ್ತದಾ ಅಂತ ಬಡ್ಡಿಯ ಸ್ನೇಹಿತರೊಬ್ಬರ ಸ್ಟ್ರೋಬ್ ಎರವಲು ತಂದು ನೋಡಬೇಕು. ಆದರೆ ಹೌಸಿಂಗ್‌ನ ಓ-ರಿಂಗ್ ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ಸಮಯ ಬಂದಿದೆ. ಮೊದಲು ಅದು.